ಶಹಾಪುರದಲ್ಲಿ ಎಲೆಕ್ಟ್ರಿಕ್ ಕಾರು: ಗಾಡಿ ನೋಡುವ ಮೊದಲು ಮನೆಯ ಅರ್ಥಿಂಗ್ ನೋಡಿ

ಎಲೆಕ್ಟ್ರಿಕ್ ವಾಹನಗಳಿಗೆ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು 2017ರ ಮಾತು. ಅದಕ್ಕೂ ಮೊದಲೇ, 2001ರಲ್ಲಿ, ರೇವಾ ಎಂಬ ಪುಟ್ಟ ಕಾರು ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗೆ ಇಳಿದಿತ್ತು. 2024ರಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಲೆಕ್ಕ ಬಂದಾಗಲೂ ದೇಶದಲ್ಲಿ ನಾವೇ ಮುಂದು: ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. ಹೆಮ್ಮೆ ಪಡುವ ಮುನ್ನ ಅದೇ ಲೆಕ್ಕದ ಮುಂದಿನ ಸಾಲನ್ನೂ ಓದಬೇಕು. ಅವುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಉಳಿದದ್ದನ್ನು 30 ಜಿಲ್ಲೆಗಳು ಹಂಚಿಕೊಂಡವು. 371(ಜೆ) ಬಂದು ದಶಕ ದಾಟಿದ ಮೇಲೂ ನಮ್ಮ ಕಡೆಯವರಿಗೆ ಈ ಥರದ ಭಾಗಾಕಾರ ಹೊಸದಲ್ಲ.

ನಾನು ಶಹಾಪುರದಲ್ಲಿದ್ದುಕೊಂಡು ಎಲೆಕ್ಟ್ರಿಕ್ ಕಾರು ಓಡಿಸುತ್ತೇನೆ. 24 ಯೂನಿಟ್ ಬ್ಯಾಟರಿಯ ಸಣ್ಣ ಗಾಡಿ. ಯಾದಗಿರಿಗೆ ಮೂವತ್ತೈದು ಕಿಲೋಮೀಟರ್ ಆಸುಪಾಸು, ಸುರಪುರಕ್ಕೆ ಇಪ್ಪತ್ತೈದರ ಆಸುಪಾಸು, ತಿಂಗಳಿಗೊಮ್ಮೆ ಕಲಬುರಗಿ. ಊರಲ್ಲಿ ಗಾಡಿ ನಿಲ್ಲಿಸಿದಲ್ಲೆಲ್ಲ ಹುಡುಗರು ಕೇಳೋದು ಎರಡೇ ಪ್ರಶ್ನೆ: "ಎಷ್ಟ್ ಓಡ್ತದ್ರಿ ಅಣ್ಣಾ?" ಮತ್ತು "ಕೆಟ್ರ ಯಾರ್ ಮಾಡ್ತಾರ?" ಮೊದಲನೆಯದಕ್ಕೆ ಕಂಪನಿಗಳ ಜಾಹೀರಾತಿನಲ್ಲೇ ಒಂದು ಉತ್ತರ ಇರುತ್ತದೆ, ಅದನ್ನು ಎಷ್ಟು ನಂಬಬೇಕು ಅನ್ನೋದು ಬೇರೆ ಮಾತು. ಎರಡನೆಯದಕ್ಕೆ ನಮ್ಮ ಜಿಲ್ಲೆಯ ಮಟ್ಟಿಗೆ ಯಾರೂ ಉತ್ತರ ಬರೆದಿಟ್ಟಿಲ್ಲ. ಹಾಗಾಗಿ ಈ ಬರಹ. ಯಾವ ಕಂಪನಿಯ ಗಾಡಿ ಛಲೋ ಅಂತ ಇದರಲ್ಲಿ ಹೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರದಂಥ ಊರಲ್ಲಿ ಎಲೆಕ್ಟ್ರಿಕ್ ಕಾರು ಸಾಕಲು ಏನು ಗೊತ್ತಿರಬೇಕೋ ಅದಷ್ಟೇ ಇಲ್ಲಿದೆ.

ಮನೆಯೇ ಪೆಟ್ರೋಲ್ ಬಂಕ್

ಬೆಂಗಳೂರಿನಲ್ಲಿ ಮನೆಯ ಚಾರ್ಜಿಂಗ್ ಕೈಕೊಟ್ಟರೆ ಮಾಲ್ ಇದೆ, ಆಫೀಸ್ ಇದೆ, ರಸ್ತೆ ಬದಿಯ ಚಾರ್ಜರ್ ಇದೆ. ಇಲ್ಲಿ ನಿಮ್ಮ ಮನೆಯ ಗೋಡೆಯ ಸಾಕೆಟ್ಟೇ ಬಂಕ್. ಆದ್ದರಿಂದ ನಮ್ಮಲ್ಲಿ ಎಲೆಕ್ಟ್ರಿಕ್ ಕಾರಿನ ಅರ್ಧಕ್ಕರ್ಧ ದೂರುಗಳು ಕಾರಿನವಲ್ಲ, ಮನೆಯ ವೈರಿಂಗಿನವು. ಹೊಸ ಕಾರು ತಂದು ರಾತ್ರಿ ಚಾರ್ಜಿಗೆ ಹಾಕಿದರೆ ಕೆಂಪು ದೀಪ, ಶೋರೂಮಿಗೆ ಫೋನ್ ಮಾಡಿ ಜಗಳ, ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ಹೇಳುವ ಮಾತು, "ಅರ್ಥಿಂಗೇ ಇಲ್ರೀ ಸರ್ ಮನಿಗೆ."

ಫ್ರಿಜ್, ಟಿವಿ, ಮಿಕ್ಸರ್ ಇವೆಲ್ಲ ಅರ್ಥಿಂಗ್ ಇಲ್ಲದೆಯೂ ಓಡುತ್ತವೆ. ಅಪಾಯ ಇದ್ದರೂ ಓಡುತ್ತವೆ. ಕಾರು ಹಾಗಲ್ಲ. ಚಾರ್ಜ್ ಶುರು ಮಾಡುವ ಮೊದಲು ಅದು ಭೂಮಿಯ ಸಂಪರ್ಕ ಇದೆಯೇ ಅಂತ ತಾನೇ ಪರೀಕ್ಷೆ ಮಾಡುತ್ತದೆ, ಇಲ್ಲದಿದ್ದರೆ ಕರೆಂಟ್ ತೆಗೆದುಕೊಳ್ಳಲು ಒಪ್ಪುವುದಿಲ್ಲ. ಹಾಗಾಗಿ ಗಾಡಿ ಬುಕ್ ಮಾಡುವ ಮೊದಲೇ ಈ ಪರೀಕ್ಷೆ ಮಾಡಿಸಿ: ಫೇಸ್–ನ್ಯೂಟ್ರಲ್ ನಡುವೆ, ಫೇಸ್–ಅರ್ಥ್ ನಡುವೆ ವೋಲ್ಟೇಜ್ ಹೆಚ್ಚೂಕಡಿಮೆ ಒಂದೇ ಇರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, ಹತ್ತು ಹದಿನೈದು ತೋರಿಸಿದರೆ ಕೆಲಸ ಇದೆ ಅಂತ ಅರ್ಥ.

ನಮ್ಮ ಎರೆಮಣ್ಣಿನದ್ದು ಬೇರೆಯೇ ಕಥೆ. ಮಳೆಗಾಲದಲ್ಲಿ ಹಸಿ ಇದ್ದಾಗ ಎರೆಭೂಮಿ ಕರೆಂಟನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಏಪ್ರಿಲ್ ಬಂತೆಂದರೆ ಮುಷ್ಟಿ ಹೋಗುವಷ್ಟು ಬಿರುಕು. ಮಣ್ಣು ಕುಗ್ಗಿ ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಡಿಸೆಂಬರ್‌ನಲ್ಲಿ ಚೆನ್ನಾಗಿ ಚಾರ್ಜ್ ಆಗುತ್ತಿದ್ದ ಕಾರು ಮೇ ತಿಂಗಳಲ್ಲಿ ಅರ್ಥ್ ಫಾಲ್ಟ್ ತೋರಿಸಿದರೆ ಕಾರು ಕೆಟ್ಟಿದೆ ಅಂತ ಓಡಬೇಡಿ. ಗುಂಡಿಗೆ ಎರಡು ಕೊಡ ನೀರು ಹಾಕಿ ಮರುದಿನ ನೋಡಿ. ಹಳೆಯ ಇದ್ದಿಲು–ಉಪ್ಪಿನ ಗುಂಡಿ ಈಗಲೂ ಕೆಲಸ ಮಾಡುತ್ತದೆ, ಆದರೆ ಉಪ್ಪು ಪೈಪನ್ನು ತಿನ್ನುತ್ತದೆ. ಬೆಂಟೋನೈಟ್ ಪುಡಿ ತುಂಬಿದ ಗುಂಡಿ ಬೇಸಿಗೆಯಲ್ಲೂ ತೇವ ಹಿಡಿದಿಡುತ್ತದೆ. ಪೈಪ್ ಎಂಟು ಹತ್ತು ಅಡಿ ಇಳಿಯಲಿ. ಸುರಪುರದ ಗುಡ್ಡದ ಮೇಲಿನ ಮನೆಗಳಲ್ಲಿ ಬಂಡೆ ಸಿಕ್ಕು ಅಷ್ಟು ಆಳ ಹೋಗುವುದಿಲ್ಲ. ಅಲ್ಲಿ ಒಂದರ ಬದಲು ಎರಡು ಗುಂಡಿ ತೋಡಿ ಜೋಡಿಸುವುದೇ ದಾರಿ.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಅರ್ಥ್ ಬರದಿದ್ದಾಗ ಕೆಲವರು ಸಾಕೆಟ್ ಒಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ ಎರಡನ್ನೂ ಒಂದು ವೈರಿನಿಂದ ಸೇರಿಸಿಬಿಡುತ್ತಾರೆ. ಕೆಂಪು ದೀಪ ಹೋಗಿ ಹಸಿರು ಬರುತ್ತದೆ, ಕಾರು ಮೋಸ ಹೋಗುತ್ತದೆ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಯಾವತ್ತಾದರೂ ಕಡಿದರೆ (ಗಾಳಿ ಮಳೆಗೆ ಕಡಿಯುವುದು ಅಪರೂಪವೇನಲ್ಲ) 230 ವೋಲ್ಟ್ ನೇರ ಕಾರಿನ ಬಾಡಿಗೆ ಬರುತ್ತದೆ. ಬೆಳಗ್ಗೆ ಬರಿಗಾಲಲ್ಲಿ ಬಾಗಿಲು ತೆಗೆಯಲು ಹೋದವರ ಜೀವಕ್ಕೇ ಕುತ್ತು. ಈ ಉಪಾಯ ಹೇಳಿದ ಎಲೆಕ್ಟ್ರಿಷಿಯನ್ನನ್ನು ಚಹಾ ಕುಡಿಸಿ ಮನೆಗೆ ಕಳಿಸಿ, ಇನ್ನೊಬ್ಬರನ್ನು ಕರೆಯಿರಿ.

ವೈರಿನ ವಿಷಯ ಸಣ್ಣದು. ಮೀಟರ್ ಬೋರ್ಡಿನಿಂದ ಚಾರ್ಜಿಂಗ್ ಜಾಗಕ್ಕೆ ಪ್ರತ್ಯೇಕ ಲೈನ್, 4 ಚದರ ಮಿಲಿಮೀಟರ್ ತಾಮ್ರ, 16 ಆಂಪ್ಸ್ ಎಂಸಿಬಿ, ಜೊತೆಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ, ಗಟ್ಟಿ ಕಂಪನಿಯ ಇಂಡಸ್ಟ್ರಿಯಲ್ ಸಾಕೆಟ್. ಗೀಸರ್ ಅರ್ಧ ಗಂಟೆ ಉರಿದು ನಿಲ್ಲುತ್ತದೆ. ಕಾರು ಸುಮಾರು 3 ಕಿಲೋವ್ಯಾಟ್ ಎಳೆಯುತ್ತಾ ಎಂಟೊಂಬತ್ತು ಗಂಟೆ ಕೂರುತ್ತದೆ. ಸಾದಾ ಸಾಕೆಟ್ ಅಷ್ಟು ಹೊತ್ತಿನ ಬಿಸಿ ತಾಳದೆ ಕರಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಬೇಡವೇ ಬೇಡ. ಮೊದಲ ವಾರ ಚಾರ್ಜ್ ಆಗುವಾಗ ಅರ್ಧ ಗಂಟೆಗೊಮ್ಮೆ ಪ್ಲಗ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ನಿಲ್ಲಿಸಿ.

ಇನ್ನು ವೋಲ್ಟೇಜ್. ಪಂಪ್‌ಸೆಟ್‌ಗಳು ಚಾಲೂ ಇರುವ ಹೊತ್ತಿನಲ್ಲಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ಮನೆಗೆ 180–190 ವೋಲ್ಟ್ ಬಂದರೆ ಕಾರು ನಿಧಾನಕ್ಕೆ ಚಾರ್ಜ್ ಆಗುತ್ತದೆ ಅಥವಾ ನಿಂತೇ ಬಿಡುತ್ತದೆ. ಬಹುಪಾಲು ಗಾಡಿಗಳಲ್ಲಿ ಚಾರ್ಜಿಂಗ್ ಸಮಯ ಹೊಂದಿಸುವ ಆಯ್ಕೆ ಇದೆ. ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಇಟ್ಟುಬಿಡಿ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಬಂದ ಮೇಲೆ ಸಾಮಾನ್ಯವಾಗಿ ತಾನೇ ಮುಂದುವರಿಯುತ್ತದೆ, ಬ್ಯಾಟರಿಗೆ ಏನೂ ಆಗುವುದಿಲ್ಲ. "ಇನ್ವರ್ಟರ್‌ಲಿಂದ ಚಾರ್ಜ್ ಮಾಡಬಹುದಲ್ಲ?" ಅಂತ ಕೇಳುವವರಿಗೆ ಲೆಕ್ಕ ಹೇಳಿಬಿಡುತ್ತೇನೆ: ಮನೆಯ 150 ಎಎಚ್ ಇನ್ವರ್ಟರ್ ಬ್ಯಾಟರಿ ಪೂರ್ತಿ ಹಿಂಡಿದರೂ ಎರಡು ಯೂನಿಟ್ ಬರುವುದಿಲ್ಲ. ಅಂದರೆ ಹತ್ತು ಕಿಲೋಮೀಟರ್. ಮೇಲಾಗಿ ಸಾಮಾನ್ಯ ಇನ್ವರ್ಟರ್ 3 ಕಿಲೋವ್ಯಾಟ್ ಎಳೆತವನ್ನೇ ತಡೆಯುವುದಿಲ್ಲ.

ಗೃಹಜ್ಯೋತಿಯ 200ನೇ ಯೂನಿಟ್

ಶೋರೂಮಿನವರು ಯಾರೂ ಹೇಳದ ಲೆಕ್ಕ ಇದು. ಗೃಹಜ್ಯೋತಿಯಲ್ಲಿ ಮನೆಗೆ ಸಿಗುವುದು ಕಣ್ಣುಮುಚ್ಚಿ 200 ಯೂನಿಟ್ ಅಲ್ಲ. 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10 (ತೀರಾ ಕಡಿಮೆ ಬಳಸುವವರಿಗೆ 2024ರಿಂದ 10 ಯೂನಿಟ್). ಅದನ್ನು ಮೀರಿ 200ರ ಒಳಗಿದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದು.

ಒಂದು ಸಾದಾ ಮನೆ ತೆಗೆದುಕೊಳ್ಳಿ. ಸರಾಸರಿ 70 ಯೂನಿಟ್, ಉಚಿತ ಮಿತಿ 77. ಕಾರಿಲ್ಲದಿದ್ದರೆ ಬಿಲ್ ಸೊನ್ನೆ. ಸಣ್ಣ ಕಾರು ಗೋಡೆಯಿಂದ ಎಳೆದ ಒಂದು ಯೂನಿಟ್‌ಗೆ, ಚಾರ್ಜಿಂಗ್‌ನಲ್ಲಿ ಪೋಲಾಗುವುದನ್ನೂ ಸೇರಿಸಿ, 6 ಕಿಲೋಮೀಟರ್ ಓಡುತ್ತದೆ ಅನ್ನಿ. ತಿಂಗಳಿಗೆ 600 ಕಿಲೋಮೀಟರ್ ಓಡಿಸಿದರೆ 100 ಯೂನಿಟ್, ಒಟ್ಟು 170. ವಿದ್ಯುತ್ ನಿಯಂತ್ರಣ ಆಯೋಗ 2025–26ಕ್ಕೆ ಮನೆ ಬಳಕೆಗೆ ಇಟ್ಟ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಮೀರಿದ 93 ಯೂನಿಟ್‌ಗೆ 540 ರೂಪಾಯಿ ಹತ್ತಿರ. ಇನ್ನು 900 ಕಿಲೋಮೀಟರ್ ಓಡಿಸಿದಿರಿ: ಕಾರಿಗೆ 150, ಒಟ್ಟು 220. ಈಗ ಅಷ್ಟೂ ಯೂನಿಟ್‌ಗೆ 1,276 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್, ವಿದ್ಯುತ್ ತೆರಿಗೆ. ಅಂದರೆ ಬರೀ 50 ಯೂನಿಟ್ ಹೆಚ್ಚಿಗೆ ಬಳಸಿದ್ದಕ್ಕೆ ಬಿಲ್ ಎರಡು ಪಟ್ಟಿಗಿಂತ ಮೇಲೆ ಜಿಗಿಯಿತು.

ಹಾಗಂತ ಕಾರೇ ನಷ್ಟ ಅಂತಲ್ಲ. ಅದೇ 900 ಕಿಲೋಮೀಟರ್‌ಗೆ ಲೀಟರಿಗೆ 16 ಕೊಡುವ ಪೆಟ್ರೋಲ್ ಗಾಡಿ 56 ಲೀಟರ್ ಕುಡಿಯುತ್ತದೆ. ಲೀಟರಿಗೆ ಬರೀ ನೂರು ರೂಪಾಯಿ ಹಿಡಿದರೂ 5,600. ಆದರೆ ಮನೆಯ ದೀಪಕ್ಕೆ ಸಿಗುತ್ತಿದ್ದ ಸವಲತ್ತನ್ನು ಕಾರು ನುಂಗಬೇಕಾಗಿಲ್ಲ, ಅದಕ್ಕೆ ದಾರಿ ಇದೆ.

ದಾರಿ ಅಂದರೆ ಪ್ರತ್ಯೇಕ ಮೀಟರ್. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿತು. ಎಲೆಕ್ಟ್ರಿಕ್ ವಾಹನದ ಚಾರ್ಜಿಂಗ್‌ಗೆ ಗ್ರಾಹಕರು ಬೇರೆ ಸಂಪರ್ಕ ಕೇಳಬಹುದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹೊಸ ಸಂಪರ್ಕ ಕೊಡುವ ಗರಿಷ್ಠ ಗಡುವನ್ನೂ ಅದೇ ತಿದ್ದುಪಡಿ ಇಳಿಸಿತು: ನಗರಸಭೆ, ಪುರಸಭೆ ಇರುವ ಊರಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಎಂಬ ಪ್ರತ್ಯೇಕ ವರ್ಗವೂ ಇದೆ. ಜೆಸ್ಕಾಂ ಕಚೇರಿಗೆ ಅರ್ಜಿ ಕೊಡುವಾಗ ಈ ವರ್ಗವನ್ನೂ ಬೇಕಾದ ಕಿಲೋವ್ಯಾಟ್ಟನ್ನೂ ಅರ್ಜಿಯಲ್ಲೇ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ. ತಿಂಗಳಿಗೆ ನಾನೂರು ಐನೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಎರಡನೇ ಮೀಟರಿನ ನಿಗದಿತ ಶುಲ್ಕವೇ ಭಾರವಾದೀತು, ಅವರು ಇದ್ದ ಮೀಟರಿನಲ್ಲೇ ಇರುವುದು ವಾಸಿ. 2022ರ ಮಾರ್ಗಸೂಚಿಯ ಪ್ರಕಾರ ಮನೆಯಲ್ಲಿ ಇರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಮನೆಯ ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಮಾತ್ರ ಹೆಚ್ಚಿಸಿಕೊಳ್ಳಬೇಕು.

ಈ ಎಲ್ಲ ಲೆಕ್ಕದ ಅಡಿಯಲ್ಲಿ ಒಂದು ಷರತ್ತು ಅಡಗಿದೆ: ಸ್ವಂತ ಮನೆ, ಸ್ವಂತ ಅಂಗಳ. ದಿನಾ ಯಾದಗಿರಿಯಿಂದ ಹಳ್ಳಿ ಶಾಲೆಗೆ ಹೋಗುವ ಮೇಷ್ಟ್ರು, ತಾಲೂಕು ಆಸ್ಪತ್ರೆಯ ನರ್ಸ್, ಬ್ಯಾಂಕಿನ ಕ್ಲರ್ಕ್ ಇವರೇ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವವರು, ಪೆಟ್ರೋಲ್ ಉಳಿದರೆ ನಿಜವಾಗಿ ಲಾಭ ಆಗುವವರು. ಇವರಲ್ಲಿ ಬಹಳ ಮಂದಿ ಬಾಡಿಗೆ ಮನೆಯವರು. ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಡದ ಮನೆಯಲ್ಲಿ ಅರ್ಥ್ ಗುಂಡಿ ತೋಡಿಸುವುದು ಹೇಗೆ? ಪೆಟ್ರೋಲ್ ಹಾಕಿಸಲು ಯಾರೂ ಮನೆ ಪತ್ರ ಕೇಳುವುದಿಲ್ಲ. ಕರೆಂಟ್ ಗಾಡಿಗೆ, ನಮ್ಮಂಥ ಊರಲ್ಲಿ, ಆಸ್ತಿ ಇರಬೇಕು. ಬಸ್ ನಿಲ್ದಾಣದ ಹತ್ತಿರ, ತಾಲೂಕು ಕಚೇರಿ ಅಂಗಳದಲ್ಲಿ, ಜಿಲ್ಲಾಸ್ಪತ್ರೆಯ ಪಾರ್ಕಿಂಗ್‌ನಲ್ಲಿ ನಿಧಾನಗತಿಯ ಹತ್ತು ಸಾಕೆಟ್ ಇದ್ದರೂ ಸಾಕು, ಕೆಲಸ ಮುಗಿಸಿ ಬರುವಷ್ಟರಲ್ಲಿ ಗಾಡಿ ತುಂಬಿರುತ್ತದೆ. ಲಕ್ಷಾಂತರ ರೂಪಾಯಿಯ ಫಾಸ್ಟ್ ಚಾರ್ಜರ್ ಬಗ್ಗೆಯೇ ಮಾತಾಡುವ ನೀತಿಗಳಿಗೆ ಈ ಅಗ್ಗದ ಸಾಕೆಟ್ ಕಣ್ಣಿಗೆ ಬೀಳುವುದಿಲ್ಲ.

ಸೋಲಾರ್ ಬಗ್ಗೆ ಎರಡು ಮಾತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ನಮ್ಮ ಬಿಸಿಲಿಗೆ ದಿನಕ್ಕೆ ಹನ್ನೆರಡು ಯೂನಿಟ್ ಬಂದರೆ ಎಪ್ಪತ್ತು ಕಿಲೋಮೀಟರ್ ಓಡಾಟ. ಬರೀ ದೀಪಕ್ಕಾದರೆ ಗೃಹಜ್ಯೋತಿ ಇರುವ ಮನೆಗೆ ಸೋಲಾರ್‌ನಿಂದ ಲಾಭ ಕಾಣಿಸುವುದಿಲ್ಲ. ಕಾರು ಬಂದ ಮೇಲೆ ಲೆಕ್ಕ ಕೂಡುತ್ತದೆ. ಆದರೆ ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಅದು ನೆನಪಿರಲಿ.

43 ಡಿಗ್ರಿ ಬಿಸಿಲು

ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ ನಡೆಯುತ್ತವೆ. ಬಿಸಿಲಿಗೆ ಸರ್ಕಾರವೇ ವೇಳಾಪಟ್ಟಿ ಬದಲಿಸುತ್ತದೆ. ಕಾರಿನ ಬ್ಯಾಟರಿಗೂ ಅದೇ ನಿಯಮ ಹಾಕಿ. ಲಿಥಿಯಂ ಬ್ಯಾಟರಿಗೆ ಮನುಷ್ಯರಿಗೆ ಹಿತವಾದ ಉಷ್ಣಾಂಶವೇ ಹಿತ. ಅದನ್ನು ಬೇಗ ಮುದಿಯಾಗಿಸುವುದು ಎರಡು ಸಂಗತಿ ಸೇರಿದಾಗ: ಶೇ 100 ಚಾರ್ಜ್, ಜೊತೆಗೆ ಸುಡುವ ಬಿಸಿಲು. ಪೂರ್ತಿ ತುಂಬಿಸಿ ಪತ್ರಾಸ್ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲಿಸಿ ಬೆಂಗಳೂರಿಗೆ ಹೋಗುವುದು ಅತಿ ಕೆಟ್ಟ ಅಭ್ಯಾಸ. ಊರು ಬಿಡುವಾಗ 50–60ರಲ್ಲಿ ಬಿಡಿ. ಬೇವಿನ ನೆರಳು ಶೆಡ್ಡಿಗಿಂತ ಮೇಲು.

ದಿನನಿತ್ಯ ಎಷ್ಟು ತುಂಬಿಸಬೇಕು ಅನ್ನೋದು ಬ್ಯಾಟರಿಯ ರಸಾಯನದ ಮೇಲೆ ಹೋಗುತ್ತದೆ. ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಎಲ್‌ಎಫ್‌ಪಿ, ಅಂದರೆ ಲಿಥಿಯಂ–ಕಬ್ಬಿಣ–ಫಾಸ್ಫೇಟ್. ಇದು ಶಾಖಕ್ಕೆ ತುಸು ಗಟ್ಟಿ, ಬೆಂಕಿ ಹತ್ತುವ ಸಾಧ್ಯತೆಯೂ ಕಡಿಮೆ. ಆದರೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ನಿಧಾನ ಚಾರ್ಜಿನಲ್ಲಿ ನೂರಕ್ಕೆ ಮುಟ್ಟಿಸಬೇಕು. ಇಲ್ಲದಿದ್ದರೆ ಗಾಡಿಗೆ ತನ್ನಲ್ಲಿ ಎಷ್ಟು ಉಳಿದಿದೆ ಅನ್ನೋ ಅಂದಾಜೇ ತಪ್ಪಿ, ಶೇ 15 ತೋರಿಸುತ್ತಿದ್ದದ್ದು ಒಮ್ಮೆಗೇ 5ಕ್ಕೆ ಬೀಳುತ್ತದೆ. ನಿಕ್ಕಲ್ ಆಧಾರಿತ ಎನ್‌ಎಂಸಿ ಆಗಿದ್ದರೆ ದಿನಾ 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಯಾವುದು ಅಂತ ಕೈಪಿಡಿಯಲ್ಲಿ ಬರೆದಿರುತ್ತದೆ.

ಎಷ್ಟು ಓಡುತ್ತದೆ? ಪ್ರಯೋಗಾಲಯದ ಅಂಕಿಯ ಮೂರನೇ ಎರಡು ಭಾಗ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಗಂಟೆಗೆ ಒಂದು, ಒಂದೂವರೆ ಯೂನಿಟ್ ತಿನ್ನುತ್ತದೆ, ಅಂದರೆ ಏಳರಿಂದ ಹತ್ತು ಕಿಲೋಮೀಟರ್ ಕಮ್ಮಿ. ಎಸಿಗಿಂತ ಹೆಚ್ಚು ತಿನ್ನುವುದು ವೇಗ: ಜೇವರ್ಗಿ ರಸ್ತೆಯಲ್ಲಿ 60ರಲ್ಲಿ ಹೋದರೂ, 90ರಲ್ಲಿ ಹೋದರೂ ಕಲಬುರಗಿ ಅಷ್ಟೇ ದೂರ, ಆದರೆ ಉಳಿಯುವ ಚಾರ್ಜ್ ಬೇರೆ. 24 ಯೂನಿಟ್ ಗಾಡಿಯಲ್ಲಿ ಕಲಬುರಗಿಗೆ ಹೋಗಿ ಬರುವುದು, 160 ಕಿಲೋಮೀಟರ್, ಚಳಿಗಾಲದಲ್ಲಿ ಆರಾಮ. ಮೇ ತಿಂಗಳಲ್ಲಿ ನಾನು ಅಲ್ಲಿ ಊಟದ ಹೊತ್ತಿಗೆ ಒಂದಷ್ಟು ಚಾರ್ಜ್ ಮಾಡಿಕೊಂಡೇ ಹೊರಡುತ್ತೇನೆ. ಬಿಸಿಲಲ್ಲಿ ಓಡಿ ಬಂದು ನೇರ ಫಾಸ್ಟ್ ಚಾರ್ಜರ್‌ಗೆ ಹಾಕಿದರೆ ಫ್ಯಾನ್ ಗುಂಯ್‌ಗುಡುತ್ತದೆ, ಚಾರ್ಜಿನ ವೇಗ ಅರ್ಧಕ್ಕೆ ಇಳಿಯುತ್ತದೆ. ಅದು ದೋಷವಲ್ಲ, ಬ್ಯಾಟರಿ ತನ್ನನ್ನು ಕಾಪಾಡಿಕೊಳ್ಳುವ ರೀತಿ.

ಕೇಂದ್ರದ 2022ರ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿ 25 ಕಿಲೋಮೀಟರ್‌ಗೊಂದು ಚಾರ್ಜಿಂಗ್ ಕೇಂದ್ರ ಇರಬೇಕು ಅಂದಿತ್ತು, 2024ರದ್ದು ಅದನ್ನು 20ಕ್ಕೆ ಇಳಿಸಿತು. ಜೇವರ್ಗಿಯಿಂದ ಶಹಾಪುರ, ಸುರಪುರ ದಾಟಿ ಲಿಂಗಸುಗೂರು ಕಡೆ ಹೋಗುವ 150ಎ ಕೂಡ ರಾಷ್ಟ್ರೀಯ ಹೆದ್ದಾರಿಯೇ. ತಿಂಥಣಿ ಸೇತುವೆ ದಾಟುವ ಮುನ್ನ ಆ್ಯಪ್ ತೆಗೆದು ಚಾರ್ಜರ್ ಎಷ್ಟಿವೆ ಅಂತ ನೀವೇ ಎಣಿಸಿ. ಆ್ಯಪ್‌ನಲ್ಲಿ ಹಸಿರು ಕಂಡರೂ ಹೊರಡುವ ಮೊದಲು ಅಲ್ಲಿಗೆ ಫೋನ್ ಮಾಡಿ ಕೇಳುವುದು ಕ್ಷೇಮ.

ಏನೇನು ಕೆಡುತ್ತದೆ

ದೊಡ್ಡ ಬ್ಯಾಟರಿ ಕೆಡುವುದು ಅಪರೂಪ. ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿಯೂ ಇರುತ್ತದೆ. ರಸ್ತೆಯಲ್ಲಿ ಕೈಕೊಡುವುದು ಅದರ ಪಕ್ಕದ ಬಡಪಾಯಿ, 12 ವೋಲ್ಟ್ ಬ್ಯಾಟರಿ. ಬಾಗಿಲ ಬೀಗ, ಪರದೆ, ಕಂಪ್ಯೂಟರು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು ಎಲ್ಲಕ್ಕೂ ಅದೇ ಆಧಾರ. ಅದು ಸತ್ತರೆ ದೊಡ್ಡ ಬ್ಯಾಟರಿ ಶೇ 90 ಇದ್ದರೂ ಗಾಡಿ ಅಲುಗುವುದಿಲ್ಲ, ಪರದೆಯ ತುಂಬ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಎಚ್ಚರಿಕೆ. ಜನ ಹೆದರಿ "ಗಾಡೀನೇ ಹೋಯ್ತು" ಅಂತಾರೆ. ನಮ್ಮ ಶಾಖಕ್ಕೆ ಇದರ ಆಯಸ್ಸು ಮೂರು ವರ್ಷ ಅಂತ ಹಿಡಿಯಿರಿ, ಮೂರನೇ ಬೇಸಿಗೆಗೆ ಮುಂಚೆ ಬದಲಿಸಿ. ಊರಿನ ಯಾವ ಬ್ಯಾಟರಿ ಅಂಗಡಿಯವರೂ ಹಾಕಿಕೊಡುತ್ತಾರೆ. ಜಂಪರ್ ಕೇಬಲ್ ಹಾಕಿ ಇನ್ನೊಂದು ಗಾಡಿಯಿಂದ ಎಬ್ಬಿಸಬಹುದು. ಆದರೆ ನಿಮ್ಮ ಎಲೆಕ್ಟ್ರಿಕ್ ಕಾರಿನಿಂದ ಬೇರೆಯವರ ಡೀಸೆಲ್ ಗಾಡಿ ಎಬ್ಬಿಸಲು ಹೋಗಬೇಡಿ, ಅಷ್ಟು ಎಳೆತಕ್ಕೆ ಇದು ಮಾಡಿದ್ದಲ್ಲ.

ಎರಡನೆಯದು ಇಲಿ. ಹತ್ತಿ, ತೊಗರಿ ತುಂಬಿಟ್ಟ ಮನೆಯ ಪಕ್ಕದಲ್ಲಿ ಗಾಡಿ ನಿಂತರೆ ಇಲಿಗೆ ಬೆಚ್ಚಗಿನ ಜಾಗ ಸಿಕ್ಕಂತೆ. ಪೆಟ್ರೋಲ್ ಕಾರಿನಲ್ಲಿ ಇಲಿ ಕಡಿದರೆ ಒಂದು ದೀಪ ಹೋಗುತ್ತದೆ. ಇಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ 300 ವೋಲ್ಟ್ ಆಸುಪಾಸಿನ ಡಿಸಿ ಕರೆಂಟ್ ಹರಿಯುತ್ತದೆ. ಅದರ ಹೊದಿಕೆಗೆ ಹಲ್ಲು ತಾಗಿದರೆ ಗಾಡಿ ಇನ್ಸುಲೇಷನ್ ಫಾಲ್ಟ್ ಅಂತ ತೋರಿಸಿ ನಿಲ್ಲುತ್ತದೆ. ಕಿತ್ತಳೆ ವೈರನ್ನು ಯಾವ ಗ್ಯಾರೇಜಿನಲ್ಲೂ ಟೇಪ್ ಸುತ್ತಿ ಸರಿಮಾಡಿಸಬೇಡಿ. ಬಾನೆಟ್ ಕೆಳಗೆ ಜಾಲರಿ, ವಾರಕ್ಕೊಮ್ಮೆ ಟಾರ್ಚ್ ಹಿಡಿದು ಇಣುಕುವುದು, ಇದಕ್ಕಿಂತ ದೊಡ್ಡ ಮದ್ದು ನನಗೆ ಸಿಕ್ಕಿಲ್ಲ.

ಬ್ಯಾಟರಿ ಗಾಡಿಯ ಹೊಟ್ಟೆಯಲ್ಲಿ ಇರುವುದರಿಂದ ನಮ್ಮ ರಸ್ತೆಗಳ ಅನಾಮಧೇಯ ಹಂಪುಗಳು ನೇರ ಅದಕ್ಕೇ ಬಡಿಯುತ್ತವೆ. ಜೋರಾಗಿ ಬಡಿದರೆ ಅವತ್ತೇ ಲಿಫ್ಟಿಗೆ ಹಾಕಿಸಿ ಫೋಟೋ ತೆಗೆಸಿ ಇಟ್ಟುಕೊಳ್ಳಿ. ಮುಂದೆ ವಿಮೆಯಲ್ಲೋ ವಾರಂಟಿಯಲ್ಲೋ "ಹೊರಗಿನ ಪೆಟ್ಟು" ಅನ್ನೋ ಮಾತು ಬಂದಾಗ ತಾರೀಖು ಬೇಕಾಗುತ್ತದೆ. ಭೀಮಾ ಉಕ್ಕಿದಾಗ ಹಳ್ಳದ ನೀರಿಗೆ ಇಳಿಸುವುದಂತೂ ಬೇಡ. ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದಂತೆ ಮುಚ್ಚಿರುತ್ತದೆ ನಿಜ, ಉಳಿದ ಕನೆಕ್ಟರ್‌ಗಳು ಅಷ್ಟು ಗಟ್ಟಿಯಲ್ಲ. ನೀರಲ್ಲಿ ನಿಂತು ಹೋದ ಗಾಡಿಯನ್ನು ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ.

ಉಳಿದದ್ದು ಸಣ್ಣಪುಟ್ಟ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆ, ಯಾಕಂದ್ರೆ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ತಡೆದು ಕರೆಂಟ್ ವಾಪಸ್ ಮಾಡುತ್ತದೆ. ಆದರೆ ಬಳಸದ ಬ್ರೇಕ್ ತುಕ್ಕು, ಧೂಳು ಹಿಡಿದು ಅಂಟಿಕೊಳ್ಳುತ್ತದೆ. ಖಾಲಿ ರಸ್ತೆಯಲ್ಲಿ ವಾರಕ್ಕೆರಡು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ, ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಗಾಡಿ ಭಾರ, ಎಳೆತ ಜೋರು, ಹಾಗಾಗಿ ಟೈರ್ ಬೇಗ ಸವೆಯುತ್ತದೆ. ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿ. ಕೂಲಂಟ್ ಕಂಪನಿ ಹೇಳಿದ್ದನ್ನೇ ಹಾಕಬೇಕು, ನಲ್ಲಿ ನೀರು ಬೆರೆಸಿದರೆ ಮುಗೀತು. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಎಸಿ ಫಿಲ್ಟರ್ ತೆಗೆದು ನೋಡಿ, ಅರ್ಧ ಹಾಸಿಗೆಗೆ ಆಗುವಷ್ಟು ನಾರು ಇರುತ್ತದೆ.

ಕೆಟ್ಟರೆ ಯಾರು ಮಾಡುತ್ತಾರೆ

ಟೈರ್, ಬ್ರೇಕ್, ಸಸ್ಪೆನ್ಷನ್, ಎಸಿ ಗ್ಯಾಸ್, 12 ವೋಲ್ಟ್ ಬ್ಯಾಟರಿ ಇಷ್ಟನ್ನು ಊರಿನ ಗ್ಯಾರೇಜಿನವರು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ದೊಡ್ಡ ಕರೆಂಟಿನ ಭಾಗ ಮತ್ತು ಸಾಫ್ಟ್‌ವೇರ್ ಬಂದಾಗ ನನಗಾದರೆ ಕಲಬುರಗಿಗೇ ಹೋಗಬೇಕು. ಒಮ್ಮೆ ಚಾರ್ಜಿಂಗ್ ಪೋರ್ಟಿನ ಒಂದು ಸೆನ್ಸರ್‌ಗಾಗಿ ಒಂದು ಸರ್ವಿಸ್ ಸೆಂಟರಿನಲ್ಲಿ ನನ್ನ ಗಾಡಿ ಹನ್ನೊಂದು ದಿನ ನಿಂತಿತ್ತು. ಕೆಲಸ ಆಗಿದ್ದು ನಲವತ್ತು ನಿಮಿಷ, ಉಳಿದದ್ದು ಪಾರ್ಟ್ ಬರುವುದಕ್ಕೆ, ಲ್ಯಾಪ್‌ಟಾಪ್ ಇರುವ ಹುಡುಗ ರಜೆಯಿಂದ ಬರುವುದಕ್ಕೆ ಕಾದದ್ದು.

ಆ ಲ್ಯಾಪ್‌ಟಾಪೇ ಸಮಸ್ಯೆಯ ತಿರುಳು. ಗಾಡಿಯ ದೋಷದ ಕೋಡ್ ಓದುವ, ಭಾಗ ಬದಲಿಸಿದ ಮೇಲೆ ಅದನ್ನು ಗಾಡಿಗೆ ಪರಿಚಯಿಸುವ ಸಾಫ್ಟ್‌ವೇರ್ ಕಂಪನಿಗಳ ಕೈಯಲ್ಲೇ ಇದೆ. ಸ್ವತಂತ್ರ ಮೆಕ್ಯಾನಿಕ್‌ಗೆ ಅದು ಸಿಗುವುದಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ ಬೇರೆ, ಕಾನೂನು ಬೇರೆ. ಇತ್ತ ನಮ್ಮ ರಾಜ್ಯ 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿತು. ಐಟಿಐಗಳಲ್ಲಿ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಎಂಬ ಟ್ರೇಡ್ ಕೂಡ ಬಂದಿದೆ. ಕಲಿತ ಹುಡುಗ ಊರಲ್ಲಿ ಅಂಗಡಿ ತೆರೆದರೆ ಅವನಿಗೆ ಬೀಗ ಹಾಕಿದ ಗಾಡಿ ಸಿಗುತ್ತದೆ. ಹಾಗಾಗಿ ಅವನು ಪುಣೆಗೋ ಹೊಸೂರಿಗೋ ಹೋಗುತ್ತಾನೆ. ಗುಳೆಗೆ ಇದೊಂದು ಹೊಸ ಕಾರಣ. ನಮ್ಮ ಜಿಲ್ಲೆಯ ಶಾಸಕರಿಗೆ ಚಾರ್ಜರ್ ಬೇಕು ಅಂತ ಮನವಿ ಕೊಡುವವರು ಇದನ್ನೂ ಒಂದು ಸಾಲು ಸೇರಿಸಬಹುದು.

ಗಾಡಿ ನಡುದಾರಿಯಲ್ಲಿ ನಿಂತರೆ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರ್ ಡೈನಮೋ ಆಗುತ್ತದೆ, ಎಲೆಕ್ಟ್ರಾನಿಕ್ಸ್ ಸುಡಬಹುದು. ನಾಲ್ಕೂ ಚಕ್ರ ಮೇಲಿರುವ ಲಾರಿಯಲ್ಲೇ ಹೇರಬೇಕು. ವಿಮೆ ಮಾಡಿಸುವಾಗ ರೋಡ್‌ಸೈಡ್ ಸಹಾಯದ ದೂರದ ಮಿತಿ ಕೇಳಿ: 50 ಕಿಲೋಮೀಟರ್ ಅಂದರೆ ನಮಗೆ ಕಲಬುರಗಿಯ ಅರ್ಧ ದಾರಿ ದಾಟಿ ಸ್ವಲ್ಪ ದೂರ, ಅಷ್ಟೇ. ಬ್ಯಾಟರಿ ಮತ್ತು ಚಾರ್ಜರ್‌ಗೆ ಬೇರೆ ರಕ್ಷಣೆ ಇದೆಯೇ ನೋಡಿ. ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಎಲೆಕ್ಟ್ರಿಕ್ ಕಾರಿಗೆ ಶೇ 15 ರಿಯಾಯಿತಿ 2022ರಲ್ಲೇ ಬಂದಿದೆ. ರಸ್ತೆ ತೆರಿಗೆಗೆ 2016ರಿಂದ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಗಾಡಿಗೆ ಶೇ 10 ಹಾಕಿದರು. ಇದು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವ ಬಾಬತ್ತು, ಬುಕ್ ಮಾಡುವ ವಾರ ಆರ್‌ಟಿಒದಲ್ಲಿ ಕೇಳಿ. ಪಿಎಂ ಇ-ಡ್ರೈವ್ ಸಹಾಯಧನ ಖಾಸಗಿ ಕಾರಿಗೆ ಇಲ್ಲ.

ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರಿಗೆ: ಬಣ್ಣ, ಸೀಟು ಆಮೇಲೆ. ಮೊದಲು ಬ್ಯಾಟರಿಯ ಆರೋಗ್ಯದ ವರದಿಯನ್ನು ಸರ್ವಿಸ್ ಸೆಂಟರಿನಿಂದ ಕಾಗದದಲ್ಲಿ ತೆಗೆಸಿ. ವಾರಂಟಿ ಎರಡನೇ ಮಾಲೀಕರಿಗೆ ವರ್ಗ ಆಗುತ್ತದೆಯೇ, ಎಷ್ಟು ಕಿಲೋಮೀಟರ್ ಉಳಿದಿದೆ, ಸರ್ವಿಸ್ ದಾಖಲೆ ಪೂರ್ತಿ ಇದೆಯೇ ನೋಡಿ. ಬ್ಯಾಟರಿಯನ್ನು ಬಾಡಿಗೆ ಲೆಕ್ಕದಲ್ಲಿ ಕೊಟ್ಟ ಗಾಡಿಯಾದರೆ ಕರಾರು ಯಾರ ಹೆಸರಲ್ಲಿದೆ ಕೇಳಿ. ಹೊಟ್ಟೆಯ ಕೆಳಗೆ ಪೆಟ್ಟಿನ ಗುರುತು, ಚಾರ್ಜಿಂಗ್ ಪಿನ್‌ಗಳಲ್ಲಿ ಕಪ್ಪು ಇದ್ದರೆ ಬಿಟ್ಟುಬಿಡಿ. ಎಲ್ಲ ಸರಿ ಕಂಡರೆ, ಮುಂಗಡ ಕೊಡುವ ಮೊದಲು ಒಂದು ರಾತ್ರಿ ಆ ಗಾಡಿಯನ್ನು ನಿಮ್ಮದೇ ಮನೆಗೆ ತಂದು, ನಿಮ್ಮದೇ ಸಾಕೆಟ್ಟಿಗೆ ಹಾಕಿ ನೋಡಿ.